ಹದಿನಾಲ್ಕರ ಪಾನಾ

ಮೂರು ವಾರದಿಂದ ನನ್ನ ಹಳೇ ಲ್ಯಾನ್ಸರ್
ಬೆಳಗಿನ ನಾಲ್ಕೂಮುಕ್ಕಾಲಿಗೆ ಕಿರುಚಿಕೊಂಡೇ ಏಳುತ್ತದೆ.
ಬಾಲ ತುಳಿಸಿಕೊಂಡ ಬೆಕ್ಕು, ಎಂದಳು
ಕೆಳಮನೆಯ ಉಮ್ ಖಲ್ಫಾನ್.
ಬೈದದ್ದಲ್ಲ, ಲಕ್ಷಣ ಹೇಳಿದ್ದು.

ಸನಾಯಿಯಾದ ಗ್ಯಾರೇಜಿನವನು
ಬಾನೆಟ್ಟು ಎತ್ತುವ ಮೊದಲೇ ಮೂವತ್ತು ರಿಯಾಲ್ ಅಂದ.
ಪಟ್ಟೆ, ಪಂಪು, ಆಲ್ಟರ್ನೇಟರು, ಎಲ್ಲವೂ ಹೋಗಿವೆಯಂತೆ.
ಹೀಗೇ ಮಾತಾಡುವ ಡಾಕ್ಟರು
ನಮ್ಮ ವಾರ್ಡಿನಲ್ಲೂ ಒಬ್ಬರಿದ್ದಾರೆ.
ನಮಸ್ಕಾರ ಹೇಳಿ ಬಂದೆ.

ಮುಂಡರಗಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ.
ಮೋಟರಿನಿಂದ ಕಲ್ಲಿಗೆ ಅಂಗೈ ಅಗಲದ ಪಟ್ಟಾ.
ಅದು ಕೂಗಿತೆಂದರೆ ಸರತಿಯಲ್ಲಿ ನಿಂತವರೆಲ್ಲ
ರಾಳದ ಪುಡಿ ಹಾಕ್ರೀ ಅನ್ನುವವರೇ.
ಅಪ್ಪ ಹುಬ್ಬಿನ ಹಿಟ್ಟು ಒರೆಸಿಕೊಂಡು
ಕೋಲಿನ ಒಂದು ತುದಿ ಬೇರಿಂಗಿಗೆ, ಇನ್ನೊಂದು ಕಿವಿಗೆ:
ಅಳೂದು ಪಟ್ಟಾ, ಬ್ಯಾನಿ ಗಾಲೀದು.

ಶುಕ್ರವಾರ ರಾತ್ರಿ. ಸೊಹಾರಿನ ಗಾಳಿ
ಹಿಂಡದ ಟವೆಲ್ಲು, ಮುಖಕ್ಕೇ ಅಂಟುತ್ತದೆ.
ಜಡೆ ಸುತ್ತಿ ಕಟ್ಟಿ, ಕೊರಳ ಐಡಿ ಕಳಚಿಟ್ಟು,
ಉದ್ದ ಸ್ಕ್ರೂಡ್ರೈವರಿನ ಹಿಡಿಗೆ
ಹಳೆಯ ಸ್ಟೆತೊಸ್ಕೋಪಿನ ಬಿಲ್ಲೆ ಒತ್ತಿದೆ.
ಆಲ್ಟರ್ನೇಟರು: ಸ್ವಚ್ಛ.
ನೀರಿನ ಪಂಪು: ವಯಸ್ಸಿಗೆ ತಕ್ಕ ಹಾಗೆ.
ತಾನು ಏನನ್ನೂ ನಡೆಸದೆ
ಪಟ್ಟೆಗೆ ತಿರುವು ತೋರಿಸುವುದಷ್ಟೇ ಕೆಲಸವಾದ
ಸಣ್ಣದೊಂದು ಗಾಲಿ ಇತ್ತು.
ಅದರ ತಿರುಗದ ನಡುಬೋಲ್ಟಿಗೆ ತುದಿ ಮುಟ್ಟಿಸಿದೆ:
ಕಾಳಿಲ್ಲದೆ ಬೀಸುವ ಕಲ್ಲು.

ಹೊಸ ಗಾಲಿಗೆ ನಾಲ್ಕು ರಿಯಾಲ್ ಎಂಟುನೂರು ಬೈಸಾ.

ಮರುರಾತ್ರಿ, ಎಂಜಿನ್ ಪೂರ್ತಿ ಆರಿದ ಮೇಲೆ,
ಉಮ್ ಖಲ್ಫಾನಳ ಮೊಮ್ಮಗ ಮುಆದ್ ಟಾರ್ಚು ಹಿಡಿದ.
ಪಟ್ಟೆಯ ದಾರಿಯನ್ನು ಇಸಿಜಿ ಕಾಗದದ ಬೆನ್ನಿಗೆ ಗೀಚಿಕೊಂಡು
ಬಿಗಿ ಹಿಡಿಯುವ ತೋಳನ್ನು ಪಾನಾದಿಂದ ಒತ್ತಿದೆ.
ಪಟ್ಟೆ ಸಡಿಲಾಯಿತು,
ಮಗ್ಗುಲು ಬದಲಿಸಿದ ರೋಗಿಯ ನಿಟ್ಟುಸಿರು.
ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಹದಿನಾಲ್ಕರ ಪಾನಾ, ಅದರ ಬಾಲಕ್ಕೆ
ಗುಜರಿಗೆ ಹೋಗಲಿದ್ದ ಡ್ರಿಪ್ ಸ್ಟ್ಯಾಂಡಿನ ಕೊಳವೆ,
ಕೊಳವೆಯ ಬಾಲಕ್ಕೆ ಅರವತ್ತೆರಡು ಕಿಲೋದ ನಾನು.
ಗಿರಣಿಯಲ್ಲಿ ಕಲಿತದ್ದೊಂದು ಬೈಗುಳ ತಾನಾಗಿ ಬಂತು.
ಮುಆದ್ ಅದನ್ನು ಒಂದಕ್ಷರ ತಪ್ಪದೆ ತಿರುಗಿ ಹೇಳಿದ.
ಟಕ್.
ಬೋಲ್ಟು ಬಿಟ್ಟಿತು, ನನ್ನ ಗೆಣ್ಣಿನ ಚರ್ಮವೂ.

ಅಂಗೈಯಲ್ಲಿ ಆ ಗಾಲಿ ಒಂದು ಕಂಚಿಕಾಯಿಯ ಭಾರ.
ಒಂದು ಲಕ್ಷ ತೊಂಬತ್ತು ಸಾವಿರ ಕಿಲೋಮೀಟರು
ಇದ್ದಲ್ಲೇ ಸುತ್ತಿದೆ.
ಗ್ರೀಸು ಒಣಗಿ, ಅದರ ಜಾಗದಲ್ಲಿ ಮರಳು ಮನೆ ಮಾಡಿದೆ.

ಹೊಸದು ಕೂತಿತು. ಪಟ್ಟೆ ಹಾಕಿ ಕೈಯಾಡಿಸಿದರೆ
ಒಂದು ಗೆರೆ ಗಾಡಿ ಬಿಟ್ಟು ಅಂಚಿನಲ್ಲಿ ಕೂತಿದೆ.
ಮತ್ತೆ ಬಿಚ್ಚು, ಮತ್ತೆ ಹಾಕು. ಹನ್ನೊಂದೂವರೆ.
ಕೀಲಿ ತಿರುಗಿಸಿದೆ.
ಚೆನ್ನಾಗಿ ನಿದ್ದೆ ಹೋದವರ ಉಸಿರು.
ಮುಆದ್ ನಿರಾಶನಾದ; ಏನಾದರೂ ಸಿಡಿಯಬಹುದೆಂದು ಕಾದಿದ್ದನಂತೆ.
ಹಳೆಯ ಗಾಲಿಯನ್ನು ಅವನ ಕೈಗೇ ಹಾಕಿದೆ.

ಬೆಳಿಗ್ಗೆ ಯಾರಿಗೂ ಗೊತ್ತಾಗದೆ ಹೊರಟೆ.
ಸಂಜೆ ಮೆಟ್ಟಿಲ ಬಳಿ ಉಮ್ ಖಲ್ಫಾನ್ ತಡೆದು ಕೇಳಿದಳು:
ಇವತ್ತು ಡ್ಯೂಟಿ ಇರಲಿಲ್ಲವೇ ಸಿಸ್ಟರ್?
ನಿನ್ನ ಬೆಕ್ಕು ಕೂಗಲಿಲ್ಲ, ನಾನು ಏಳಲಿಲ್ಲ,
ಮಗ ಬರೀ ಚಹಾ ಕುಡಿದು ಬಂದರಿಗೆ ಹೋದ.

ಕ್ಷಮೆ ಕೇಳಿದೆ. ಏಕೆಂದು ನನಗೇ ತಿಳಿಯಲಿಲ್ಲ.

ಇನ್ನೊಂದು ವಿಷಯ. ಫಲಜ್ ರೌಂಡಬೌಟಿನಲ್ಲಿ
ಎಡಕ್ಕೆ ಹೊರಳಿದಾಗಲೆಲ್ಲ ಮುಂದಿನ ಚಕ್ರದಲ್ಲಿ
ಟಿಕ್, ಟಿಕ್.
ಇಷ್ಟು ದಿನ ಆ ಕಿರುಚಾಟದ ಹಿಂದೆ,
ಪಾಪ, ಚೀಟಿ ಹಿಡಿದು
ಸರತಿಯಲ್ಲಿ ನಿಂತಿತ್ತು.